ಹಳೇ ಕಿಟಕಿ ಮುಚ್ಚುವ ತಾರೀಖು

ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ತಂತಮ್ಮ ಊರಿಗೆ ಹೋದ ಮೇಲಿನ ಮೊದಲ ಬೆಳಗು ನಮ್ಮ ಓಣಿಗೆ ಎಂಟೂ ಹತ್ತಕ್ಕೆ ಬಂತು. ನಾನು ಐದಕ್ಕೇ ಎದ್ದು ಕತ್ತಲಲ್ಲಿ ನೀರು ತುಂಬಿದೆ. ಅವಲಕ್ಕಿ ಕಲಸಿದೆ. ಕೈ ಇಬ್ಬರಿಗಾಗುವಷ್ಟು ಕಲಸಿತ್ತು, ಅರ್ಧ ಮುಚ್ಚಿಟ್ಟೆ. ಪಕ್ಕದ ಗಾಣಿಗೇರ ಓಣಿಯಲ್ಲಿ ಆಗಲೇ ಬಿಸಿಲು ಬಿದ್ದಿತ್ತು. ನಮ್ಮ ಓಣಿಯ ಹೆಂಗಸರು ಒಗೆದ ಬಟ್ಟೆ ಹೊತ್ತು ಮೂಲೆ ದಾಟಿ ಅಲ್ಲಿಗೆ ಹೋಗುತ್ತಿದ್ದರು. ಮೂಲೆಮನೆಯ ನೀಲಗಂಗವ್ವನಿಗೆ ಮುಂಬಾಗಿಲು ಆ ಓಣಿಗೆ, ಹಿಂಬಾಗಿಲು ನಮ್ಮ ಓಣಿಗೆ. ಅವಳು ಮುಂದೆ ಬಿಸಿಲಲ್ಲಿ ರಂಗೋಲಿ ಹಾಕಿ, ಒಳಗೆ ನಡೆದು, ಹಿಂದಿನ ಬಾಗಿಲಲ್ಲಿ ದೀಪ ಹಿಡಿದು ನಿಂತು ಕೇಳಿದಳು: "ಬೆಳಕಾತೇನ ವಾರಿಜಾ?"

ನಮ್ಮೂರಲ್ಲಿ ಎದುರಾದವರನ್ನು ಕೇಳುವ ಮಾತು ಇದೊಂದೇ. ಸತ್ತವರ ಮನೆಯವರನ್ನು ಮಾತ್ರ ತಿಂಗಳ ಕಾಲ ಕೇಳುವುದಿಲ್ಲ. ಅವಳಿಗೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ನಾನು "ಇನ್ನೂ ಇಲ್ಲವ್ವ" ಎಂದು ಹೇಳಿ ಬೀಗ ಹಾಕಿದೆ. ಬೇಸರವಾಗಲಿಲ್ಲ. ಆಗ ನನಗೆ ಏನೂ ಆಗುತ್ತಿರಲಿಲ್ಲ.

ಹದಿನೇಳು ಓಣಿಗಳಿಗೆ ಬೆಳಕು ಹರಿಯುವ ಸರದಿ ದಿನಾ ಬೇರೆ. ಸಂಜೆ ಆರಕ್ಕೆ ಗುಡ್ಡದ ಕಚೇರಿಯಿಂದ ಮರುದಿನದ ಪಟ್ಟಿ ಬರುತ್ತದೆ, ಯಾವ ಓಣಿಗೆ ಎಷ್ಟು ಗಂಟೆಗೆ ಎಂದು. ಪುರಸಭೆಯ ಬೆಳಗಿನ ವಿಭಾಗ ಅದನ್ನು ಜಾಲತಾಣದಲ್ಲಿ ಹಾಕುತ್ತದೆ. ಹಾಲಿನವರು, ಶಾಲೆಯವರು, ಮದುವೆ ಮನೆಯವರು ಅದನ್ನು ನೋಡದೆ ಮಲಗುವುದಿಲ್ಲ. ನಾನೂ ನನ್ನ ಗಂಡ ಪಂಪಾಪತಿಯೂ ಆ ವಿಭಾಗದಲ್ಲೇ ಇದ್ದೆವು. ಮದುವೆಯಾಗಿದ್ದೂ ಅಲ್ಲಿ ಎದುರುಬದುರು ಕೂತು ಕೂತೇ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಹೊಸ ಪುಟ ಕಟ್ಟಿದ್ದು ನಾನು. ಅದು ಗುಡ್ಡದಿಂದ ಪಟ್ಟಿಯನ್ನು ತಾನೇ ತೆಗೆದುಕೊಳ್ಳುತ್ತದೆ. ನಸುಕಿನ ನಾಲ್ಕಕ್ಕೆ ಅವರು ತಿದ್ದಿದರೆ ತಾನೇ ತಿದ್ದಿಕೊಳ್ಳುತ್ತದೆ. ಆದರೆ ಒಂದು ಹಳೆಯ ಬ್ರೌಸರಿನಲ್ಲಿ ಅದು ತೆರೆಯುವುದಿಲ್ಲ, ಬರೀ ಬಿಳಿ ಕಾಣುತ್ತದೆ. ಆ ಬ್ರೌಸರನ್ನು ಮಾಡಿದವರೇ ಕೈಬಿಟ್ಟು ಏಳು ವರ್ಷವಾಗಿತ್ತು. ಊರಲ್ಲಿ ಅದಕ್ಕೆ ಹಳೇ ಕಿಟಕಿ ಎಂದು ಹೆಸರು. ಅದನ್ನು ಇನ್ನೂ ಬಿಡದವರಿಗಾಗಿ ಪಂಪಾಪತಿ ಪ್ರತಿ ಸಂಜೆ ಒಂದು ಗಂಟೆ ಕೂತು, ಹದಿನೇಳು ಸಾಲನ್ನೂ ಕೈಯಾರೆ ಬೆರಳಚ್ಚಿಸಿ ಬೇರೆ ಪುಟ ಮಾಡುತ್ತಿದ್ದ. ಹನ್ನೆರಡು ದಿನದ ಹಿಂದೆ ಸಂಜೆ ಐದೂವರೆಗೆ, ಪಟ್ಟಿ ಬರುವ ಅರ್ಧ ಗಂಟೆ ಮೊದಲು, ಕಚೇರಿಯ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಮೂವತ್ತೈದು ವಯಸ್ಸು. ಹೃದಯ ಎಂದರು.

ನಮ್ಮ ವಿಭಾಗದ ಮುಖ್ಯಸ್ಥರು ಕಳಕಪ್ಪನವರು. ನನ್ನನ್ನು ನೋಡಿ ಎದ್ದು ನಿಂತರು. "ಇನ್ನೊಂದ ನಾಲ್ಕ ದಿನ ಮನ್ಯಾಗ ಇರಬೇಕಿತ್ತವಾ."

"ಮನ್ಯಾಗ ಏನ್ ಮಾಡ್ಲಿ ಸರ್."

ಅವರು ಸ್ವಲ್ಪ ಹೊತ್ತು ಪೇಪರ್‌ವೇಟು ತಿರುಗಿಸಿದರು. ಆಮೇಲೆ ಪಂಪಾಪತಿಯ ಕಡತ ಕೊಟ್ಟರು. ಮೇಲಿನ ಹಾಳೆಯಲ್ಲಿ ಅವನ ಅಕ್ಷರ: 'ಹಳೇ ಕಿಟಕಿ. ನಿಲ್ಲಿಸುವ ತಾರೀಖು'. ಅದರ ಮುಂದೆ ಖಾಲಿ. ಮೂರು ವರ್ಷದಿಂದ ಖಾಲಿ. "ಹೊಸ ಪುಟಕ್ಕ ಏನ ಸೇರಸಬೇಕಂದ್ರೂ ಹಳೇದರಾಗ ಕಾಣೂದಿಲ್ಲಂತ ನಿಂತಬಿಟ್ಟೇವಿ," ಎಂದರು. "ನಾ ಕೇಳಿದಾಗೆಲ್ಲ 'ಒಬ್ಬರಿದ್ರೂ ಇರಲಿ ಸರ್' ಅಂತಿದ್ದ. ಈಗ ನೀವ ಒಂದ ತಾರೀಖ ಹಾಕಿಬಿಡ್ರಿ."

"ಇರಲಿ ಸರ್. ನಾ ಬರೀತೀನಿ ದಿನಾ."

"ಎಲ್ಲಿತನಕ?"

"ಒಬ್ಬರಿರೂತನಕ," ಎಂದೆ. ಅದು ಅವನ ಮಾತೇ. ಸಂಜೆ ಅವನ ಕುರ್ಚಿಯಲ್ಲಿ ಕೂತು, ಅವನು ಮಾಡುತ್ತಿದ್ದಂತೆ ಹದಿನೇಳು ಸಾಲು ಬೆರಳಚ್ಚಿಸುವುದು ಎಂದು ಯೋಚಿಸಿದಾಗ ಸ್ವಲ್ಪ ಹಾಯೆನಿಸಿತು. ಬದುಕೆಲ್ಲ ಹಾಗೆ ಕೂರಬಹುದು ಎನ್ನಿಸಿತು.

ಆದರೆ ಆ ಪುಟ ತೆರೆದಾಗ ಒಂದು ವಿಚಿತ್ರ ಕಂಡೆ. ಅದರಲ್ಲಿದ್ದದ್ದು ಅವನು ಸತ್ತ ದಿನದ ಪಟ್ಟಿ. ಈ ಹನ್ನೆರಡು ದಿನ ಅದನ್ನು ಯಾರೂ ಬದಲಿಸಿರಲಿಲ್ಲ. ಹಾಗಿದ್ದೂ ಇಪ್ಪತ್ಮೂರು ಮನೆಗಳವರು ಪ್ರತಿ ಸಂಜೆ ತಪ್ಪದೆ ಅದನ್ನು ತೆರೆದು ನೋಡಿದ್ದರು, ಒಬ್ಬರೂ ದೂರು ಕೊಟ್ಟಿರಲಿಲ್ಲ. ನಮ್ಮೂರ ಜನ ಬೆಳಕು ಐದು ನಿಮಿಷ ತಡವಾದರೆ ಪುರಸಭೆಯ ಬಾಗಿಲು ಬಡಿಯುವವರು. ಇದೇನೆಂದು ತಿಳಿಯಬೇಕಾಯಿತು. ಯಾವ ಸಂಪರ್ಕ ಯಾವ ಮನೆಯದೆಂಬುದು ಕಚೇರಿಯ ದಾಖಲೆಯಲ್ಲಿತ್ತು. ಬರೆದುಕೊಂಡು ಹೊರಟೆ.

ಮೊದಲು ಸಿಕ್ಕಿದ್ದು ಹಸನಸಾಬರ ಪಾವುರೊಟ್ಟಿ ಬೇಯಿಸುವ ಭಟ್ಟಿ. ಅವರು ಕೈಗಂಟಿದ ಹಿಟ್ಟು ಒರೆಸುತ್ತಾ ಬಂದರು. "ಬರ್ರಿ ಬಾಯಾರ. ಏನ ಹೇಳೂದು... ಭಾಳ ಒಳ್ಳೆ ಮನಷ್ಯಾ."

"ಸಾಬರ, ಹನ್ನೆರಡು ದಿನ ಪಟ್ಟಿ ತಪ್ಪಿತ್ತು. ನೀವು ನೋಡ್ಲಿಲ್ಲೇನು?"

"ನೋಡಿದೆವಲ್ಲ. ತಾರೀಖ ಹಳೇದಿತ್ತು."

"ಮತ್ತ?"

"ಮತ್ತೇನು. ಪಂಪಾಪತಿಯವರು ಕಡೀಕ ಬರದ ಪಟ್ಟಿ. ತಪ್ಪೈತಿ ಅಂತ ಹೆಂಗ ಅನ್ನೂದ್ರಿ? ಅದರಾಗ ನಮ್ಮ ಓಣಿಗೆ ಆರಕ್ಕ ಬೆಳಕು ಅಂತಿತ್ತು. ದಿನಾ ಆರಕ್ಕ ಪಾವು ತಯಾರ ಮಾಡಿಟ್ಟೆ. ಒಂದಿನ ಹತ್ತಕ್ಕ ಬೆಳಕಾತು, ಪಾವು ಕಲ್ಲ ಆಗಿದ್ದುವು. ಇರ್ಲಿ ಬಿಡ್ರಿ. ಸೂತಕ ನಿಮಗಷ್ಟ ಅಲ್ಲ, ಹಳೇ ಕಿಟಕಿ ಮಂದಿಗೂ ಹೌದು."

ಮುಂದಿನ ನಾಲ್ಕು ಮನೆಗಳಲ್ಲೂ ಇದೇ ಉತ್ತರ. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ಹೊಸ ಪಟ್ಟಿ ಕೇಳುವುದು ಅವನ ಹೆಂಡತಿಯ ಮನೆಬಾಗಿಲಿಗೆ ಬಂದು ಬೆಳಕಾತೇನು ಎಂದು ಕೇಳಿದ ಹಾಗೆ ಎಂದುಕೊಂಡಿದ್ದರು. ಅದಕ್ಕೆ ಎಲ್ಲರೂ ಸತ್ತವನು ಹೇಳಿದ ಹೊತ್ತಿಗೆ ಎದ್ದು, ಕತ್ತಲಲ್ಲೇ ಕಸ ಗುಡಿಸಿ, ಕತ್ತಲಲ್ಲೇ ಅಂಗಡಿ ತೆರೆದು ಕೂತಿದ್ದರು. ಆ ಮಾತು ಕೇಳಿದಾಗಲೂ ನನಗೆ ಅಳು ಬರಲಿಲ್ಲ. ಒಳ್ಳೆಯ ಜನ ಎಂದಷ್ಟೇ ಮನಸ್ಸಿನಲ್ಲಿ ಬರೆದುಕೊಂಡೆ.

ಆರನೆಯ ಮನೆ ಹೂಗಾರ ಓಣಿಯ ಬಸಲಿಂಗವ್ವನದು. ಹೂ ಕಟ್ಟಿ ಮಾರುವವಳು. ಪೂಜೆಯ ಹೂವು ಬೆಳಕು ಹರಿದ ಹಾಗೆ ಓಣಿಯಿಂದ ಓಣಿಗೆ ಹೋಗಬೇಕು. ನಮ್ಮ ಪಟ್ಟಿಯೇ ಅವಳ ದಾರಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳಿಗೆಂದೇ ಪಂಪಾಪತಿ ಹಳೇ ಪುಟದಲ್ಲಿ ಗಂಟೆಯ ಅಂಕಿಗಳನ್ನು ಬದನೆಕಾಯಿ ಗಾತ್ರ ಮಾಡಿದ್ದ. ಅವಳು ಮಂಚದ ಮೇಲೆ ಕೂತಿದ್ದಳು. ಬಲಗೈ ಮೊಣಕೈವರೆಗೆ ಬಿಳಿಯ ಪ್ಲಾಸ್ಟರಿನಲ್ಲಿತ್ತು.

"ಇದೇನಾತವ್ವ?"

"ಬಿದ್ದೆ." ನಾನು ಯಾರೆಂದು ದನಿಯಿಂದ ಗುರುತಿಸಿ, ಆಚೆ ನೋಡುತ್ತಾ ಹೇಳಿದಳು. "ನಿನ್ನ ಗಂಡನ ಮಣ್ಣಿಗೆ ಹೂವು ಒಯ್ಯಬೇಕಂತ ಜಲ್ದಿ ಎದ್ದಿದ್ದೆ. ಪಟ್ಟ್ಯಾಗ ನಮ್ಮ ಓಣಿಗೇ ಮೊದಲ ಬೆಳಕು, ಐದೂ ಇಪ್ಪತ್ತಕ್ಕ ಅಂತಿತ್ತು. ತಾರೀಖ ಸಣ್ಣದು, ನನಗ ಕಾಣೂದಿಲ್ಲ. ಐದೂವರಿಗೆ ಬುಟ್ಟಿ ಹೊತಗೊಂಡು ಬಾಗಿಲ ತಗದೆ. ಕತ್ತಲ. ಬೆಳಕಂತೂ ಆಗೇತಿ, ಪುಟದಾಗ ಬರದೈತಿ. ಹಂಗಾರ ನನ್ನ ಕಣ್ಣೇ ಹೋದ್ವು ಅಂತ ತಿಳಕೊಂಡೆ."

ನಾನು ಮಂಚದ ಅಂಚಿಗೆ ಕೂತೆ.

"ಕಣ್ಣು ಹೋದ್ರ ಹೋದ್ವು, ಕಾಲಿಗೆ ದಾರಿ ಗೊತ್ತೈತಲ್ಲ ಅಂತ ಇಳದೆ. ಮೂರನೇ ಪಾವಟಿಗಿ ತಪ್ಪತು." ಅವಳು ಎಡಗೈಯಿಂದ ಪ್ಲಾಸ್ಟರು ಸವರಿದಳು. "ಅಲ್ಲೇ ಬಿದ್ದಲ್ಲೇ ಕುಂತಿದ್ದೆ. ಯಾರನ್ನೂ ಕೂಗಲಿಲ್ಲ. ಮಂದಿ ಎಲ್ಲಾ ಬೆಳಕಿನಾಗ ಓಡಾಡಾಕತ್ಯಾರ, ಕುರುಡಿ ಬಿದ್ದಾಳಂತ ನಗ್ತಾರಂತ ಸುಮ್ಮನ ಕುಂತೆ. ಏಳೂವರಿಗೆ ಬೆಳಕಾತು. ನನ್ನ ಕೈ ನನಗ ಕಾಣಸ್ತು. ಅವಾಗ ಅತ್ತೆ ನೋಡು."

"ಎರಡು ತಾಸು?" ಎಂದೆ.

"ನೀ ಯಾಕ ಅಂಜತಿ? ನಿಂದೇನ ತಪ್ಪೈತಿ? ಸತ್ತಾಂವ ಪಟ್ಟಿ ಬರಿಯಾಕ ಬರ್ತಾನೇನು?"

ಹೊರಗೆ ಬಂದು ಆ ಮೂರು ಮೆಟ್ಟಿಲ ಮೇಲೆ ನಾನೂ ಸ್ವಲ್ಪ ಹೊತ್ತು ಕೂತೆ. ಎರಡು ವಾರದಲ್ಲಿ ಮೊದಲ ಸಲ ನನಗೆ ಸಿಟ್ಟು ಬಂತು. ಪಂಪಾಪತಿಯ ಮೇಲೆ. ಒಬ್ಬರಿದ್ದರೂ ಇರಲಿ ಎನ್ನುವ ದೊಡ್ಡ ಮನಸ್ಸಿನ ಮಾತು ಒಬ್ಬ ಮನುಷ್ಯನ ಉಸಿರಿಗೆ ಕಟ್ಟಿದ ದಾರದಲ್ಲಿ ನೇತಾಡುತ್ತಿತ್ತು. ದಾರ ಹರಿಯಿತು, ಬಸಲಿಂಗವ್ವ ಬಿದ್ದಳು. ನಾಳೆ ನನಗೆ ಜ್ವರ ಬಂದರೆ ಇನ್ನೊಬ್ಬರು ಬೀಳುತ್ತಾರೆ. ನಾನು ಸಂಜೆ ಸಂಜೆ ಅವನ ಕುರ್ಚಿಯಲ್ಲಿ ಕೂತು ಹಾಯೆನಿಸಿಕೊಳ್ಳುವುದಕ್ಕೆ ಇಪ್ಪತ್ಮೂರು ಮನೆಗಳ ಕೈಕಾಲು ಒತ್ತೆಯಿಡಲಾಗದು.

"ಪ್ಲಾಸ್ಟರ್ ಯಾವಾಗ ಬಿಚ್ಚತಾರವ್ವ?" ಎಂದು ಅಲ್ಲಿಂದಲೇ ಕೂಗಿ ಕೇಳಿದೆ.

"ಮುಂದಿನ ತಿಂಗಳ ಒಂಬತ್ತಕ್ಕ ಅಂದಾರ."

ಮರುದಿನ ಕಡತದ ಖಾಲಿ ಜಾಗದಲ್ಲಿ 'ಒಂಬತ್ತು' ಎಂದು ಬರೆದು ಕಳಕಪ್ಪನವರ ಮುಂದಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಒಂಬತ್ತ ಯಾಕ? ಮಾಸಿಕಾ ಏನರ ಬರ್ತದೇನು ಅವತ್ತ?"

"ಅಲ್ರಿ. ಅವತ್ತ ಬಸಲಿಂಗವ್ವನ ಕೈ ಬಿಡುಗಡೆ. ಆಕೀಗೆ ಹೊಸಾದು ಕಲಸಿ, ಆ ಸಂಜಿಗೇ ನಿಲ್ಲಸ್ತೀನಿ."

"ಒಬ್ಬರು ಉಳದ್ರ?"

"ಉಳದ್ರೂ ನಿಲ್ಲಸ್ತೀನಿ ಸರ್."

ಹಳೇ ಪುಟದ ನೆತ್ತಿಗೆ ಸೂಚನೆ ಹಾಕಿದೆ. ಮೊದಲು ಕಚೇರಿಯ ಮಾತಿನಲ್ಲಿ ಹಾಕಿದ್ದೆ: 'ಈ ಬ್ರೌಸರಿಗೆ ಒಂಬತ್ತರಿಂದ ಬೆಂಬಲ ನಿಲ್ಲಿಸಲಾಗುವುದು.' ಹಸನಸಾಬರು ಓಡಿ ಬಂದರು. "ಬಾಯಾರ, ಬೆಂಬಲ ತಗೀತೀರಂತ? ಚುನಾವಣಿ ಬಂತೇನು? ಯಾರಿಗೆ ಕೊಟ್ಟಿದ್ರಿ ಬೆಂಬಲ?" ಆ ಸಾಲು ಅಳಿಸಿದೆ. ಬದನೆಕಾಯಿ ಗಾತ್ರದಲ್ಲಿ ಹೀಗೆ ಬರೆದೆ: 'ಒಂಬತ್ತರ ಸಂಜೆಯಿಂದ ಇಲ್ಲಿ ಬೆಳಕಿನ ಹೊತ್ತು ಇರುವುದಿಲ್ಲ. ನಾನೇ ನಿಮ್ಮ ಮನೆಗೆ ಬಂದು ಹೊಸದನ್ನು ತೋರಿಸುತ್ತೇನೆ. ವಾರಿಜಾ.'

ಅಲ್ಲಿಂದ ನನಗೆ ಬಿಡುವಾಗಲಿಲ್ಲ. ಸಂಜೆ ಪಟ್ಟಿ ಬೆರಳಚ್ಚಿಸುವುದು, ಹಗಲು ಮನೆ ಮನೆ ತಿರುಗುವುದು. ಕೆಲವರ ಕಂಪ್ಯೂಟರಿಗೆ ಹೊಸ ಬ್ರೌಸರ್ ಹಾಕಿದೆ. ಹಾಕಲಾಗದ ಕಡೆ ಫೋನಿನಲ್ಲಿ ತೋರಿಸಿಕೊಟ್ಟೆ. ಹಸನಸಾಬರು ಹೊಸದನ್ನು ಹೆದರಿ ಹೆದರಿ ಮುಟ್ಟಿದರು. "ಹೇಣ್ತೀನ ಬದಲಿ ಮಾಡಂದ್ರೂ ಇಷ್ಟ ಅಂಜತಿರ್ಲಿಲ್ಲ ನೋಡ್ರಿ," ಎಂದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ನನಗ ಕೇಳಸ್ತೈತಿ!" ಸಾಬರು, "ಕೇಳಸ್ಲಂತನ ಅಂದೆ," ಎಂದರು. ಇಪ್ಪತ್ಮೂರು ಹದಿನೈದಾಯಿತು, ಒಂಬತ್ತಾಯಿತು, ನಾಲ್ಕಾಯಿತು. ಒಬ್ಬ ಮುದುಕ ಬಾಗಿಲು ತೆರೆಯದೆ ಮೂರು ದಿನ ಓಡಾಡಿಸಿದ. ನಾಲ್ಕನೆಯ ದಿನ ನಾನು ಬಾಗಿಲಲ್ಲೇ ಬುತ್ತಿ ಬಿಚ್ಚಿ ಊಟಕ್ಕೆ ಕೂತೆ. ನಾಚಿ ತೆರೆದ.

ತೆರೆದ ಬಾಗಿಲಲ್ಲೇ ಕೂತು ಒಪ್ಪದವರು ವಾದಿರಾಜ ಮಾಸ್ತರರು. ಟೈಪಿಂಗ್ ಕಲಿಸುವವರು. ಅವರಲ್ಲಿ ಆರು ಹಳೆಯ ಕಂಪ್ಯೂಟರ್‌ಗಳಿದ್ದವು, ಆರರಲ್ಲೂ ಹಳೇ ಕಿಟಕಿ. ಊರಿಗೆ ಅದನ್ನು ಮೊದಲು ತಂದವರೇ ಅವರು. ಮನೆ ಮನೆಗೆ ಹೋಗಿ ಹಾಕಿಕೊಟ್ಟವರೂ ಅವರೇ.

"ಬಾರವಾ, ಕೂಡು," ಎಂದರು. "ಚಹಾ ಕುಡದು ಹೋಗು. ಆದ್ರ ಆ ವಿಷಯ ಬ್ಯಾಡ."

"ಮಾಸ್ತರ, ನಿಮ್ಮ ಕಿಸೆದಾಗಿನ ಫೋನಿನಾಗನ ಕಾಣಸ್ತದ್ರಿ."

"ಅದರಾಗ ನಾ ಮಾತಾಡ್ತೇನಿ. ಓದೂದಿಲ್ಲ." ಅವರು ಬೆರಳು ಎತ್ತಿದರು. "ಪಂಪಾಪತಿ ಇಲ್ಲೇ, ನೀ ಕೂತ ಕುರ್ಚಿ ಮ್ಯಾಲೆ ಕೂತು ಮಾತು ಕೊಟ್ಟಾನ. ಒಬ್ಬರಿದ್ರೂ ಹಳೇ ಕಿಟಕಿ ಇರ್ತದ ಮಾಸ್ತರ ಅಂದಾನ. ಆ ಒಬ್ಬಾಂವ ನಾನು. ಗಂಡನ ಮಾತು ಹೆಂಡತಿ ಮುರೀತಾಳೇನು?"

"ಮುರೀತಾಳ್ರಿ."

ಅವರಿಗೆ ಆ ಉತ್ತರದ ನಿರೀಕ್ಷೆಯಿರಲಿಲ್ಲ. ಚಹಾದ ಬಟ್ಟಲು ನನ್ನತ್ತ ಸರಿಸಿದರು. ಜಗಳ ಬೇರೆ ಕಡೆಯಿಂದ ಶುರು ಮಾಡುವವರಂತೆ ಹೇಳಿದರು: "ಮಾತು ಹೋಗ್ಲಿ. ನನ್ನ ಸೀಡಿ ಒಯ್ದಾನಲ್ಲ, ಅದಾದ್ರೂ ಸಿಗ್ತದೇನು? ಹಳೇ ಕಿಟಕಿ ಹಾಕೂ ಸೀಡಿ, ಊರಿಗೆಲ್ಲ ಅದೊಂದೇ. ನೋಡಿ ಕೊಡ್ತೇನಿ ಅಂತ ಒಯ್ದಾಂವ ಮೂರು ವರ್ಷ ಆತು. ಮಂದಿ ಬಂದು ನಮ್ಮಲ್ಲೂ ಹಾಕಿಕೊಡ್ರಿ ಮಾಸ್ತರ ಅಂತಾರ. ಎಲ್ಲಿಂದ ಹಾಕ್ಲಿ? ಕೇಳಿದಾಗೆಲ್ಲ ನಾಳೆ, ನಾಳೆ."

ಆ ಸಂಜೆ ಅವನ ಕಪಾಟು ತೆರೆದೆ. ಅಷ್ಟು ದಿನ ತೆರೆದಿರಲಿಲ್ಲ. ಅಂಗಿಗಳನ್ನು ಸರಿಸಿ ಹಿಂದೆ ಕೈಹಾಕಿದರೆ ಅವನ ಓದಿನ ಕಾಲದ ಪುಸ್ತಕಗಳು, ಅವುಗಳ ಕೆಳಗೆ ಕಾಗದದ ಚೀಲದಲ್ಲಿ ಸೀಡಿ. ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ: 'ಮಾಸ್ತರರದು. ಈಗಲೇ ಬೇಡ.' ಕೆಳಗೆ ತಾರೀಖು. ಮೂರು ವರ್ಷದ ಹಿಂದೆ, ಕಡತದ ಮೊದಲ ಹಾಳೆ ಬರೆದ ವಾರದ್ದೇ.

ನಿಂತಲ್ಲೇ ಲೆಕ್ಕ ಹಾಕಿದೆ. ಆ ವರ್ಷ ಹಳೇ ಕಿಟಕಿಯ ಮನೆಗಳು ಅರವತ್ತೊಂದು. ಆಮೇಲೆ ಐವತ್ತು, ಮೂವತ್ತೆಂಟು, ಇಪ್ಪತ್ಮೂರು. ಒಂದು ತಿಂಗಳಾದರೂ ಒಂದು ಹೆಚ್ಚಾಗಿದ್ದಿಲ್ಲ. ಎಲ್ಲ ಅಂಕಿಗಳೂ ಏರಿ ಇಳಿಯುತ್ತವೆ; ಇಳಿಯುತ್ತಲೇ ಹೋಗುವ ಅಂಕಿ ಕಂಡರೆ ಯಾರೋ ಕೈಹಾಕಿದ್ದಾರೆಂದು ಅನುಮಾನಿಸಬೇಕು. ಇದನ್ನು ನನಗೆ ಮೊದಲ ವರ್ಷದಲ್ಲೇ ಕಲಿಸಿದ್ದರು. ಎದುರು ಮೇಜಿನಲ್ಲಿ ಕೂತಿದ್ದವನ ಅಂಕಿಯನ್ನು ನಾನು ಅನುಮಾನಿಸಲಿಲ್ಲ. ಅವನು ಎಲ್ಲರಿಗೂ ಇರುತ್ತದೆ ಎಂದು ಮಾತು ಕೊಟ್ಟು, ಹೊಸಬರು ಸೇರದ ಹಾಗೆ ಸೀಡಿ ಬಚ್ಚಿಟ್ಟು, ತಾನಾಗಿ ಬತ್ತಲಿ ಎಂದು ಕಾಯುತ್ತಿದ್ದ. ಯಾರಿಗೂ ಇಲ್ಲ ಎನ್ನಲಾರದವನ ಯುಕ್ತಿ. ಕಪಾಟಿನ ಮುಂದೆ ನಿಂತು ನಾನು ಜೋರಾಗಿ ನಕ್ಕೆ. ನೀಲಗಂಗವ್ವ ಹಿಂಬಾಗಿಲಿಂದ, "ಏನಾತ ವಾರಿಜಾ?" ಎಂದು ಕೂಗಿದಳು. ಆಮೇಲೆ ನೆಲದ ಮೇಲೆ ಕೂತು ಅವನ ಅಂಗಿಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಎಷ್ಟೋ ಹೊತ್ತು ಅತ್ತೆ.

ಸೀಡಿಯನ್ನು ಮರುದಿನವೇ ಕೊಡಬಹುದಿತ್ತು. ಕೊಟ್ಟರೆ ಮಾಸ್ತರರು ಅಂದೇ ಇನ್ನೆರಡು ಮನೆಗೆ ಹಾಕುತ್ತಿದ್ದರು. ಹತ್ತು ದಿನ ನಾನೂ ಅದನ್ನು ಇಟ್ಟುಕೊಂಡೆ. ಅಷ್ಟರ ಮಟ್ಟಿಗೆ ಅವನ ಯುಕ್ತಿಯಲ್ಲಿ ನನ್ನದೂ ಪಾಲು.

ಒಂಬತ್ತರ ಬೆಳಗ್ಗೆ ಬಸಲಿಂಗವ್ವನ ಪ್ಲಾಸ್ಟರು ಬಿಚ್ಚಿದರು. ಬಿಳಿಚಿಕೊಂಡ ಕೈಯಿಂದ ಅವಳು ಹೊಸ ಪುಟದ ಅಂಕಿಯನ್ನು ಮುಟ್ಟಿ ಮುಟ್ಟಿ ದೊಡ್ಡದು ಮಾಡಲು ಕಲಿತಳು. "ಇದರಾಗ ಬರದದ್ದು ಖರೇ ಇರ್ತೈತೇನು?" ಎಂದು ಕೇಳಿದಳು. "ಇದರಾಗ ಬರದದ್ದಕ್ಕಿಂತ ನಿನ್ನ ಕಣ್ಣು ಮೊದಲ ನಂಬವ್ವ," ಎಂದೆ. "ಕತ್ತಲ ಕಂಡ್ರ ಕತ್ತಲನ." ಅವಳು, "ಹಂಗಾರ ನಿಮ್ಮ ಆಫೀಸ ಯಾಕ ಬೇಕು?" ಎಂದಳು.

ಸಂಜೆ ಆರಕ್ಕೆ ಗುಡ್ಡದಿಂದ ಪಟ್ಟಿ ಬಂತು. ನಾನು ಬೆರಳಚ್ಚಿಸಲಿಲ್ಲ. ಹಳೇ ಪುಟದಲ್ಲಿದ್ದುದನ್ನೆಲ್ಲ ಅಳಿಸಿದೆ. ಹಿಂದಿನ ದಿನದ ಒಂದು ಅಂಕಿಯೂ ಉಳಿಯದಂತೆ ಎರಡು ಸಲ ನೋಡಿ, ಒಂದೇ ಸಾಲು ಬಿಟ್ಟೆ: 'ಇಲ್ಲಿ ಬೆಳಕಿನ ಹೊತ್ತು ಇಲ್ಲ.'

ಕಳಕಪ್ಪನವರು ಬೆನ್ನ ಹಿಂದೆ ನಿಂತಿದ್ದರು. "ಮಾಸ್ತರೊಬ್ಬರು ಉಳದಾರಲ್ಲ?"

"ಉಳದಾರ ಸರ್."

"ಪಂಪಾಪತಿ ಇದ್ದಿದ್ರ..."

"ನಾಳೆ ಅಂತಿದ್ದ," ಎಂದು ಗುಂಡಿ ಒತ್ತಿದೆ. ಅವನ ಕುರ್ಚಿಯಿಂದ ಎದ್ದು ನನ್ನ ಮೇಜಿಗೆ ಬಂದೆ.

ಹತ್ತರಂದು ಮಾಸ್ತರರ ಓಣಿಗೆ ಒಂಬತ್ತೂವರೆಗೆ ಬೆಳಕು. ನಾನು ಒಂಬತ್ತಕ್ಕೆ ಹೋದೆ. ಓಣಿ ತುಂಬ ಕತ್ತಲು. ಮಾಸ್ತರರು ಸ್ನಾನ ಮಾಡಿ, ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡು, ದೀಪದ ಕೆಳಗೆ ಬಾಗಿಲು ನೋಡುತ್ತಾ ಕೂತಿದ್ದರು. ಆರೂ ಕಂಪ್ಯೂಟರ್‌ಗಳಲ್ಲಿ ಆ ಒಂದೇ ಸಾಲು ಇತ್ತು.

"ಎಷ್ಟಕ್ಕಂತ ಹೇಳಬ್ಯಾಡ," ಎಂದರು. "ಬಂದಾಗ ನೋಡ್ತೇನಿ."

"ಹೇಳಾಕ ಬಂದಿಲ್ರಿ."

ಕಾಗದದ ಚೀಲವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದು ಓದಿದರು. ಮತ್ತೆ ಓದಿದರು. "ಪಂಪಾಪತಿ ಅಕ್ಷರ. ಈಗಲೇ ಬ್ಯಾಡ ಅಂದ್ರೇನು?"

ಹೇಳಿದೆ. ಅರವತ್ತೊಂದರಿಂದ ಇಪ್ಪತ್ಮೂರರವರೆಗೆ, ಏನನ್ನೂ ಮುಚ್ಚಿಡದೆ ಹೇಳಿದೆ. ಹತ್ತು ದಿನ ನಾನು ಇಟ್ಟುಕೊಂಡದ್ದನ್ನೂ ಹೇಳಿದೆ. ಅವರ ಮುಖ ಕೆಂಪಗಾಯಿತು. "ಕಳ್ಳ! ಎದುರಿಗೆ ಕೂತು ಮಾತು ಕೊಟ್ಟು, ಹಿಂದಿಂದ ಬೇರು ಕೊಯ್ದನೇನು?"

"ಹೌದ್ರಿ. ನಾ ಎದುರಿಗೇ ಕೊಯ್ದೆ."

ಅವರು ಗಂಟಲಲ್ಲಿ ಏನೋ ಸಿಕ್ಕಿದವರಂತೆ ಕೆಮ್ಮಿದರು. ನಗುತ್ತಿದ್ದರೆಂದು ಆಮೇಲೆ ತಿಳಿಯಿತು. "ನಾಳೆ, ನಾಳೆ, ಅಂತಿದ್ದ ಮಗಾ," ಎಂದರು. ಸೀಡಿಯನ್ನು ಚೀಲದಿಂದ ತೆಗೆದು, ಅಂಚು ಹಿಡಿದು ತಿರುಗಿಸಿ ನೋಡಿದರು. ಒಂದು ಗೆರೆಯೂ ಬಿದ್ದಿರಲಿಲ್ಲ. "ಈಗ ಇದನ್ನ ಹಾಕಿದ್ರ ಏನರ ಕಾಣಸ್ತದೇನು?"

"ಇಲ್ರಿ."

"ಮತ್ತ ಯಾಕ ತಂದಿ?"

"ನಿಮ್ಮದ ಐತ್ರಿ, ಅದಕ್ಕ."

ಅವರು ಅದನ್ನು ಚೀಲದೊಳಗೆ ಹಾಕಿ, ಮೇಜಿನ ಮೇಲಿಟ್ಟು, ಎದ್ದು ನಿಂತು, ಈಗ ತಾನೇ ಕೊಟ್ಟದ್ದೆಂಬಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು.